ಕುದುರೆಗೆ ಕವಚ, ಕೈದಿಗೆ ಬೀಗದ ಕೈ

ದುಡ್ಡು ಕೊಟ್ಟು ಕೊಂಡ ವಿಡಿಯೋ ಗೇಮಿನೊಳಗೇ ಮತ್ತೆ ಚೂರುಪಾರು ಮಾರುವ ವ್ಯಾಪಾರ ಒಂದಿದೆ. ಅದರಲ್ಲಿ ಕುದುರೆ ಕವಚ ಮತ್ತೆ ಬಂದ ಕಥೆ ಕೇಳಿ. 2006ರಲ್ಲಿ ಬೆಥೆಸ್ಡಾ ಕಂಪನಿ ‘ಆಬ್ಲಿವಿಯನ್’ ಆಟದ ಕುದುರೆಗೆ ಎರಡೂವರೆ ಡಾಲರಿನ ಕವಚ ಮಾರಿದಾಗ ಗೇಮಿಂಗ್ ಲೋಕವೆಲ್ಲ ಉಗಿದಿತ್ತು. 2025ರಲ್ಲಿ ಅದೇ ಆಟಕ್ಕೆ ಸುಣ್ಣಬಣ್ಣ ಬಳಿದು ಮತ್ತೆ ಬಿಟ್ಟರು. ಹತ್ತು ಡಾಲರ್ ಜಾಸ್ತಿ ಕೊಟ್ಟವರ ಗಂಟಿನಲ್ಲಿ ಏನಿತ್ತು? ಹೊಸ ಕುದುರೆ ಕವಚ! ಅಂದು ಉಗಿದವರೇ ಈಗ ‘ಆಹಾ, ಆ ಕಾಲ’ ಅಂತ ಕಣ್ಣೊರೆಸಿಕೊಂಡು ಕೊಂಡರು. ಇಪ್ಪತ್ತು ವರ್ಷ ಹಳೆಯದಾದರೆ ಸುಲಿಗೆಯೂ ಪರಂಪರೆ ಆಗುತ್ತೆ ನೋಡಿ.

ನೆನಪಿಡಿ, ಇದು ಒಬ್ಬರೇ ಕೂತು ಆಡುವ ಆಟ. ಎದುರಾಳಿ ಇಲ್ಲ, ಪಕ್ಕದಲ್ಲಿ ಹೊಟ್ಟೆ ಉರಿದುಕೊಳ್ಳೋರೂ ಇಲ್ಲ. ಆ ಕುದುರೆಗೂ ಕವಚ ಬೇಕಿರಲಿಲ್ಲ.

ಆದರೆ ಕುದುರೆ ಪಾಪದ್ದು. ನನಗೆ ಇಷ್ಟವಾಗಿದ್ದು ಬೀಗದ ಕೈ. 2024ರ ಮಾರ್ಚ್‌ನಲ್ಲಿ ಕ್ಯಾಪ್‌ಕಾಮ್‌ನವರ ‘ಡ್ರ್ಯಾಗನ್ಸ್ ಡಾಗ್ಮಾ 2’ ಬಂತು. ಬೆಲೆ 70 ಡಾಲರ್, ಅಂದರೆ ಹತ್ತಿರ ಹತ್ತಿರ ಆರು ಸಾವಿರ ರೂಪಾಯಿ. ಅದರ ಅಂಗಡಿಯಲ್ಲಿ ಜೈಲಿನಿಂದ ತಪ್ಪಿಸಿಕೊಳ್ಳುವ ಕೀ ಒಂದಿತ್ತು, 99 ಸೆಂಟಿಗೆ. ಎಷ್ಟು ಅಗ್ಗ! ನಮ್ಮ ಕೋಲಾರದಲ್ಲಿ ಜಾಮೀನು ಅರ್ಜಿ ಹಾಕಿಸೋಕೆ ಹೋಗಿ. ವಕೀಲರು ಇರಲಿ, ಜೆರಾಕ್ಸ್ ಅಂಗಡಿಯವನಿಗೇ ಅದರ ಮೇಲಾಗುತ್ತೆ. ಜೊತೆಗೆ ಶ್ಯೂರಿಟಿಗೆ ಪಹಣಿ ಹಿಡಿದು ಬರುವ ಪುಣ್ಯಾತ್ಮನನ್ನ ಹುಡುಕಬೇಕು. ಅವನಿಗೆ ತಿಂಡಿ ಕೊಡಿಸಬೇಕು, ಕಾಫಿ ಕೊಡಿಸಬೇಕು, ವಾಪಸ್ ಬಸ್ಸಿಗೂ ಹತ್ತಿಸಬೇಕು. ಸಾಹೇಬರು ಮಧ್ಯಾಹ್ನ ಬರ್ತಾರೆ ಅಂದರೆ ಊಟವೂ ನಮ್ಮದೇ. ಕ್ಯಾಪ್‌ಕಾಮ್ ಎಷ್ಟೋ ವಾಸಿ.

ಅದೇ ಅಂಗಡಿಯಲ್ಲಿ ಮುಖ ಬದಲಿಸೋಕೆ ಒಂದು ರೇಟು. ಬೇಗ ಪ್ರಯಾಣ ಮಾಡಲು ನೆಡುವ ಪೋರ್ಟ್‌ಕ್ರಿಸ್ಟಲ್‌ಗೆ ಇನ್ನೊಂದು. ಆಟ ಬರೋ ಮುಂಚೆ ಅದರ ನಿರ್ದೇಶಕ ಹಿದೆಯಾಕಿ ಇತ್ಸುನೋ ಹೇಳಿದ್ದರು: ಆಟದಲ್ಲಿ ಪ್ರಯಾಣ ಬೇಜಾರು ಅನಿಸಿದರೆ ಅದು ಪ್ರಯಾಣದ ತಪ್ಪಲ್ಲ, ನಿಮ್ಮ ಆಟವೇ ಬೇಜಾರು ಅಂತ. ಚೆನ್ನಾದ ಮಾತು. ಅಂಗಡಿ ನೋಡಿಕೊಳ್ಳುವವರ ಕಿವಿಗೆ ಬಿದ್ದಿರಲಿಲ್ಲ ಅಷ್ಟೇ. ಇವೆಲ್ಲ ಆಟದೊಳಗೇ ಆಡಿ ಸಂಪಾದಿಸಬಹುದು ಅಂತ ಕಂಪನಿ ಸಮಜಾಯಿಷಿ ಕೊಟ್ಟಿತು. ನಿಜವೇ. ಹಾಗಾದರೆ ಮಾರೋದು ಯಾಕಪ್ಪಾ? ಜನ ವಾಚಾಮಗೋಚರ ಬೈದರು, ಕಂಪನಿ ಕ್ಷಮೆ ಕೇಳಿತು, ಕೆಲವೇ ದಿನದಲ್ಲಿ 25 ಲಕ್ಷ ಪ್ರತಿ ಹೋಯಿತು. ಬೈಗುಳ ಒಂದು ಕಡೆ, ವ್ಯಾಪಾರ ಒಂದು ಕಡೆ.

ಕೋಲಾರದವನಾದ ನನಗೆ ಹೊಟ್ಟೆ ಉರಿಯೋದು ಆಟದೊಳಗಿನ ನಾಣ್ಯ ಮಾರುವಾಗ. 2018ರ ‘ಅಸ್ಸಾಸಿನ್ಸ್ ಕ್ರೀಡ್ ಒಡಿಸ್ಸಿ’ಯಲ್ಲಿ ಪುರಾತನ ಗ್ರೀಸಿನ ದ್ರಾಕ್ಮಾಗಳನ್ನು ಗಂಟು ಕಟ್ಟಿ ಮಾರುತ್ತಿದ್ದರು. ನಮ್ಮ ಕೆಜಿಎಫ್‌ನಲ್ಲಿ ಚಿನ್ನಕ್ಕೆ ಅಂತ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಆ ಗಣಿಗೆ ಕರೆಂಟು ಕೊಡೋಕೆ 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದರು. ಬಂಡೆ ಸಿಡಿದು ಎಷ್ಟೋ ಮನೆ ದೀಪ ಆರಿತು. ಕೊನೆಗೆ ತೆಗೆಯೋ ಖರ್ಚು ಚಿನ್ನದ ಬೆಲೆ ಮೀರಿತು ಅಂತ 2001ರ ಫೆಬ್ರವರಿ 28ಕ್ಕೆ ಬೀಗ ಹಾಕಿದರು. ಉಳಿದಿದ್ದು ಸೈನೈಡ್ ದಿಬ್ಬ. ಗಾಳಿ ಎದ್ದರೆ ಇವತ್ತಿಗೂ ಧೂಳು ಮನೆಯೊಳಗೆ. ಈ ಆಟದ ಕಂಪನಿಯವರ ಗಣಿಗೆ ಆಳ ಇಲ್ಲ, ಧೂಳಿಲ್ಲ, ಕೂಲಿಯೂ ಇಲ್ಲ. ಒಬ್ಬ ಹುಡುಗ ಒಂದರ ಮುಂದೆ ಸೊನ್ನೆ ಒತ್ತುತ್ತಾನೆ, ಮುಗೀತು.

ಅದೇ ‘ಒಡಿಸ್ಸಿ’ಯಲ್ಲಿ ಹತ್ತು ಡಾಲರ್ ಕೊಟ್ಟರೆ ನಿಮ್ಮ ವೀರ ಒಂದೂವರೆ ಪಟ್ಟು ಬೇಗ ಬೆಳೀತಾನೆ. ಇದನ್ನ ‘ಟೈಮ್ ಸೇವರ್’ ಅಂತಾರೆ. ದುಡ್ಡು ಕೊಟ್ಟು ಆಟ ತಗೋ. ಆಮೇಲೆ ಅದನ್ನ ಕಡಿಮೆ ಆಡೋಕೆ ಇನ್ನೊಮ್ಮೆ ದುಡ್ಡು ಕೊಡು. ಸಾರಿಗೆ ಬೇಕಂತಲೇ ಉಪ್ಪು ಹಾಕದೆ ಬಡಿಸಿ, ಎಲೆ ಪಕ್ಕದಲ್ಲೇ ಉಪ್ಪಿನ ಪೊಟ್ಟಣ ಮಾರಿದ ಹಾಗೆ. ಉಪ್ಪು ಮರೆತರೋ, ಬಿಟ್ಟರೋ? ಇಲ್ಲೇ ನನಗೆ ತಮಾಷೆ ಸಾಕಾಗುತ್ತೆ. ಒಂದು ಬೆಟ್ಟ ಹತ್ತಿ ಸುಸ್ತಾದರೆ, ಇದು ಆಟದ ಕಷ್ಟವೋ ಅಂಗಡಿಗೆ ತಳ್ಳೋ ಕಷ್ಟವೋ ಅಂತ ಅನುಮಾನ ಬರುತ್ತೆ. ಆರು ಸಾವಿರ ಕೊಟ್ಟವನ ತಲೆಗೆ ಈ ಅನುಮಾನ ಹೊಕ್ಕಿದ ಮೇಲೆ ಆಡೋದಾದರೂ ಹೇಗೆ? ಎಲ್ಲರೂ ಹೀಗಲ್ಲ, ಗೊತ್ತು. 2015ರ ‘ವಿಚರ್ 3’ಕ್ಕೆ ಹದಿನಾರು ಸಣ್ಣ ಕಂತು ಪುಕ್ಕಟೆ ಕೊಟ್ಟರು. ಅದನ್ನ ನಾವು ಇಂದಿಗೂ ದಾನಶೂರ ಕರ್ಣನ ಕಥೆ ಥರ ಹೇಳಿಕೊಂಡು ತಿರುಗುತ್ತೇವೆ. ಕೊಂಡ ಆಟ ಪೂರ್ತಿ ಸಿಕ್ಕಿದ್ದಕ್ಕೆ ಕೈ ಮುಗಿಯುವ ಸ್ಥಿತಿ ನಮ್ಮದು.

ಇನ್ನು ಮುಂದಿನ ಭಾಗಗಳ ಚಿಂತೆ. ‘ಆಬ್ಲಿವಿಯನ್’ ಸರಣಿಯ ಮುಂದಿನ ಆಟ ‘ಎಲ್ಡರ್ ಸ್ಕ್ರೋಲ್ಸ್ 6’ರ ಟೀಸರ್ 2018ರ ಜೂನ್‌ನಲ್ಲಿ ಬಂತು. ಅರ್ಧ ನಿಮಿಷದ ಮೇಲೆ ಸ್ವಲ್ಪ. ಬೆಟ್ಟ, ಮೋಡ, ಹೆಸರು, ಅಷ್ಟೇ. ನಮ್ಮ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲ ಮೇಲೆ ನಿಂತರೆ ಅದಕ್ಕಿಂತ ಜಾಸ್ತಿ ಕಾಣುತ್ತೆ. ಮಧ್ಯೆ ಅದೇ ಬೆಥೆಸ್ಡಾ ಕಂಪನಿ ‘ಸ್ಟಾರ್‌ಫೀಲ್ಡ್’ನಲ್ಲಿ ಒಂದೇ ಒಂದು ಮಿಷನ್‌ಗೆ ಏಳು ಡಾಲರ್ ಇಟ್ಟು ಕೈ ಪಳಗಿಸಿಕೊಂಡಿತು. ಟೀಸರ್ ಬಂದಾಗ ನಮ್ಮಕ್ಕನ ಮಗ ಹತ್ತನೇ ಕ್ಲಾಸು. “ಮಾಮ, ಇನ್ನೆರಡು ವರ್ಷಕ್ಕೆ ಬರುತ್ತೆ, ಆಗ ಕೊಡಿಸ್ತೀರಾ?” ಅಂದಿದ್ದ. ಈಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಇಂಟರ್‌ವ್ಯೂ ಅಲೀತಿದ್ದಾನೆ. ಆಟ ಬರೋ ಹೊತ್ತಿಗೆ ಅವನ ಹತ್ತಿರ ಕ್ರೆಡಿಟ್ ಕಾರ್ಡ್ ಇರುತ್ತೆ. ಕಂಪನಿ ಕಾಯುತ್ತಿರೋದು ಅದಕ್ಕೇ ಇರಬೇಕು.