ಚರ್ಚ್ ಹತ್ರ ನಿಲ್ಲುವ ಹಾಡು

ಮನೆಯಲ್ಲಿ ಕರೆಂಟು ಅಳೆಯುವ ಮಲ್ಟಿಮೀಟರ್ ಇದೆ ಅಂತ ಯಾರಿಗೂ ಹೇಳಬಾರದು. ಹೇಳಿದ ಮಾರನೇ ದಿನದಿಂದ ಬೀದಿಯ ಕೆಟ್ಟ ಮಿಕ್ಸಿ, ಉರಿಯದ ಸೀರಿಯಲ್ ಸೆಟ್ಟು ಎಲ್ಲಾ ನಿಮ್ಮ ಜಗಲಿಗೆ ಬಂದು ಕೂರುತ್ತವೆ. ಹಾಸನದಲ್ಲಿ ಇಪ್ಪತ್ತು ವರ್ಷದಿಂದ ನನ್ನದು ಇದೇ ಪಾಡು. ದೋಣಿಯ ಕೇಸು ಮಾತ್ರ ಇದೇ ಮೊದಲು.

ಗೊರೂರಿನ ಹಿನ್ನೀರಿನಲ್ಲಿ ಪರಿಚಯದವನೊಬ್ಬನ ಫೈಬರ್ ಬೋಟ್ ಇದೆ. ತೆಪ್ಪದವರ ಹತ್ತಿರ ಹೋಗಿ ಮೀನು ತುಂಬಿಕೊಂಡು ಬರುವುದು ಅದರ ಕೆಲಸ. ಬೆಳಗಿನ ಚಳಿಗೆ ಜೊತೆಯಾಗಲಿ ಅಂತ ಹಳೇ ಜೀಪಿನ ಸ್ಟೀರಿಯೋ ಬಿಚ್ಚಿ ಅದಕ್ಕೆ ಕೂರಿಸಿದ್ದಾನೆ. "ಚೆನ್ನಾಗೇ ಹಾಡ್ತಾ ಇರುತ್ತೆ ಸಾರ್. ಶೆಟ್ಟಿಹಳ್ಳಿ ಚರ್ಚ್ ಹತ್ರ ಹೋದ್ರೆ ಕಟ್. ದಾಟಿದ್ರೆ ಮತ್ತೆ ಶುರು," ಅಂದ. ಹೇಳುವಾಗ ದನಿ ಸ್ವಲ್ಪ ಇಳಿದಿತ್ತು.

ಆ ಚರ್ಚ್ ಗೊತ್ತಲ್ವಾ? 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು, ನೀರು ಬಂತು, ಜನ ಗಂಟುಮೂಟೆ ಕಟ್ಟಿದರು. ಗೋಡೆಗಳು ಉಳಿದವು. ಮಳೆಗಾಲದಲ್ಲಿ ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ನಿಂತಿರುತ್ತವೆ. ಸೂರಿಲ್ಲದ ಆ ಗೋಡೆಗಳ ಪಕ್ಕದಲ್ಲಿ ಹಾಡು ತಾನಾಗೇ ನಿಂತರೆ ಯಾರಿಗಾದರೂ ಮೈ ಜುಂ ಅನ್ನುತ್ತದೆ.

ಪೂರ್ತಿ ಸತ್ತ ಸೆಟ್ಟಾದರೆ ಸುಲಭ. ಆಗಾಗ ಸತ್ತು ಬದುಕುವುದಿದೆಯಲ್ಲ, ಅದು ತಲೆನೋವು. ರಿಪೇರಿಯವನು ಬಂದ ಕೂಡಲೇ ಮಾವನ ಮನೆಯಲ್ಲಿ ಕೂತ ಹೊಸ ಅಳಿಯನ ಹಾಗೆ ನೆಟ್ಟಗಿರುತ್ತದೆ. ಇದೂ ಹಾಗೇ. ದಡದಲ್ಲಿ ಬ್ಯಾಟರಿಗೆ ಮೀಟರ್ ಇಟ್ಟರೆ 12.6 ವೋಲ್ಟ್, ಲಕ್ಷಣವಾಗಿದೆ. ಫ್ಯೂಸಿನ ಗೂಡಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕೆರೆದು ತೆಗೆದೆ. ಸೆಟ್ಟಿನ ಹಿಂದೆಯೂ 12ರ ಮೇಲೆ ಇತ್ತು.

ಆದರೆ ಮೀಟರನ್ನು ಪೂರ್ತಿ ನಂಬುವ ಹಾಗಿಲ್ಲ. ಅದು ಕುಡಿಯುವ ಕರೆಂಟು ಏನೇನೂ ಅಲ್ಲ. ವೈರಿನ ಒಂದೇ ಎಳೆ ತಾಗಿದ್ದರೂ ಸಾಕು, ಎಲ್ಲಾ ಸರಿಯಿದೆ ಅನ್ನುತ್ತದೆ. ಭಾರ ಹೊರಿಸಿದರೆ ಬಣ್ಣ ಬಯಲು. ಅದಕ್ಕೇ ನನ್ನ ಚೀಲದಲ್ಲಿ ಎರಡು ವೈರ್ ಬೆಸೆದ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಇರುತ್ತದೆ. ನೆಂಟರ ಗುಣ ಸಾಲ ಕೇಳಿದಾಗ ಗೊತ್ತಾಗುತ್ತಲ್ಲ, ಹಾಗೆ. ದಡದಲ್ಲಿ ಆ ಬಲ್ಬೂ ಝಗ್ಗನೆ ಉರಿಯಿತು. ಸರಿ, ನೀರಿಗೆ ಇಳಿಯಲೇಬೇಕು. ನನಗೆ ಈಜು ಬರುವುದಿಲ್ಲ ಅನ್ನುವುದನ್ನು ಆಗ ಹೇಳಲಿಲ್ಲ.

ಚರ್ಚ್ ಹತ್ತಿರವಾಯಿತು. ಅವನು ಎಡಕ್ಕೆ ತಿರುಗಿಸಿದ. ಹಾಡು ನಿಂತಿತು. ನನ್ನ ಕಿವಿಯೂ ಒಂದು ಕ್ಷಣ ಚುರುಕಾಗಿದ್ದು ನಿಜ.

ಗೋಡೆ ದಾಟಿದ ಮೇಲೆ ಹಾಡು ಬಂತು. ಆದರೆ ಸೆಟ್ಟಿನ ಗಡಿಯಾರ 12:00 ಅಂತ ಮಿಟುಕುತ್ತಿತ್ತು. ಅದನ್ನು ನೋಡಿ ಧೈರ್ಯ ಬಂತು. ಈ ಸೆಟ್ಟುಗಳಿಗೆ ಸಾಮಾನ್ಯವಾಗಿ ಹಳದಿ ವೈರ್ ಬ್ಯಾಟರಿಯಿಂದ ನೇರ ಬರುತ್ತದೆ, ಟೈಮು, ಸ್ಟೇಷನ್ನು ನೆನಪಿಡಲು. ಕೆಂಪು ವೈರಿಗೆ ಕರೆಂಟು ಬರುವುದು ಕೀ ತಿರುಗಿಸಿದಾಗ. ಕಪ್ಪು ವೈರ್ ಎರಡಕ್ಕೂ ಸೇರಿ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ. ಕೆಂಪು ಮಾತ್ರ ಹೋದರೆ ಹಾಡು ನಿಲ್ಲುತ್ತದೆ, ಗಡಿಯಾರ ನಿಲ್ಲುವುದಿಲ್ಲ. ಎರಡೂ ಒಟ್ಟಿಗೆ ಹೋಯಿತು ಅಂದರೆ ಎರಡಕ್ಕೂ ಸೇರಿದ ದಾರಿಯಲ್ಲೇ ಕಳ್ಳ ಇದ್ದಾನೆ. ಬಲ್ಬನ್ನು ಹಳದಿಗೂ ಕಪ್ಪಿಗೂ ಸಿಕ್ಕಿಸಿ ಮತ್ತೆ ಎಡಕ್ಕೆ ತಿರುಗಿಸು ಅಂದೆ. ಆರಿತು. ಕಪ್ಪಿನ ಕಡೆಯ ತುದಿಯನ್ನು ಕಿತ್ತು ಬ್ಯಾಟರಿಯ ಮೈನಸ್‌ಗೆ ಹಿಡಿದೆ. ಎಡಕ್ಕೆ ತಿರುಗಿಸಿದರೂ ಉರಿಯಿತು.

ಕಪ್ಪು ವೈರಿನ ಬೆನ್ನು ಹತ್ತಿದರೆ ಸೆಟ್ಟು ಕೂರಿಸಿದ ಕಬ್ಬಿಣದ ಪಟ್ಟಿಯ ಸ್ಕ್ರೂಗೆ ಸುತ್ತಿದ್ದಾರೆ! ಜೀಪಿನಲ್ಲಿ ಇದು ಸರಿ. ಅಲ್ಲಿ ಬಾಡಿ ಪೂರ್ತಿ ಅರ್ಥ್, ಅಂದರೆ ಕಬ್ಬಿಣದ ಮೈಯೆಲ್ಲಾ ಬ್ಯಾಟರಿಯ ಮೈನಸ್‌ಗೆ ಸೇರಿರುತ್ತದೆ. ಫೈಬರ್ ದೋಣಿ ಅಂದರೆ ಪ್ಲಾಸ್ಟಿಕ್ ಬಕೆಟ್ ಇದ್ದ ಹಾಗೆ, ಅಲ್ಲಿ ಎಂಥ ಅರ್ಥ್? ಹಾಗಾದರೆ ಇಷ್ಟು ದಿನ ಹಾಡಿದ್ದು ಹೇಗೆ? ಆ ಪಟ್ಟಿ ಸ್ಟೀರಿಂಗ್ ಕೇಬಲ್ಲಿನ ತುದಿಗೆ ಉಜ್ಜುತ್ತಿತ್ತು. ಕೇಬಲ್ ಎಂಜಿನ್ನಿಗೆ, ಎಂಜಿನ್ ಬ್ಯಾಟರಿಯ ಮೈನಸ್‌ಗೆ. ಹೇಗೋ ದಾರಿಯಾಗಿತ್ತು. ಪೂರ್ತಿ ಎಡಕ್ಕೆ ತಿರುಗಿಸಿದರೆ ಕೇಬಲ್ ಅರ್ಧ ಬೆರಳು ಸರಿದು ಪಟ್ಟಿಯ ಕೈಬಿಡುತ್ತಿತ್ತು. ಚರ್ಚ್ ಸುತ್ತಲು ಅವನು ಯಾವಾಗಲೂ ಎಡಕ್ಕೇ ತಿರುಗಿಸುತ್ತಿದ್ದ.

ದಡಕ್ಕೆ ಬಂದು ಎರಡು ಮೀಟರ್ ವೈರಿಗೆ ಥಿಂಬಲ್, ಅಂದರೆ ತುದಿಗೆ ಹಾಕುವ ಲೋಹದ ಕೊಳವೆ, ಹಾಕಿ ಒತ್ತಿ, ಕಪ್ಪನ್ನು ಬ್ಯಾಟರಿಗೇ ನೇರ ಕೊಟ್ಟೆ. ನೀರಿನ ಕೆಲಸಕ್ಕೆ ತವರ ಲೇಪಿಸಿದ ತಾಮ್ರವೇ ಒಳ್ಳೆಯದು. ನನ್ನ ಹತ್ತಿರ ಇದ್ದಿದ್ದು ಮಾಮೂಲಿ ವೈರ್. ಕಿಲುಬು ಹಿಡಿಯದಿರಲಿ ಅಂತ ತುದಿಗೆ ಗ್ರೀಸ್ ಮೆತ್ತಿದೆ. ಕೂಲಿ ಎರಡು ಕೆಜಿ ಕಾಟ್ಲಾ ಮೀನು.

ಹದಿನೈದು ದಿನ ಬಿಟ್ಟು ಮತ್ತೆ ಹೋಗಿದ್ದೆ. ಬೋಟ್ ಹೊರಟಿತು, ಹಾಸನ ಆಕಾಶವಾಣಿಯಲ್ಲಿ ಯಾವುದೋ ಭಾವಗೀತೆ. ಚರ್ಚ್ ಬಂತು. ಎಡಕ್ಕೆ ತಿರುಗಿಸುತ್ತಲೇ ಅವನು ಕೈ ಚಾಚಿ ಸೆಟ್ಟು ಆರಿಸಿದ.

"ಯಾಕಯ್ಯಾ, ಮತ್ತೆ ಕೆಟ್ಟಿತಾ?"

"ಇಲ್ಲ ಸಾರ್, ಸರಿ ಇದೆ," ಅಂದ. ಗೋಡೆ ದಾಟಿದ ಮೇಲೆ ಮತ್ತೆ ಹಾಕಿದ.