ಗ್ಲುಯಿನೋ ಕಾಣೆಯಾಗಿದೆ, ತೂಕ ಆಮೇಲೆ ತಿಳಿಸುತ್ತೇವೆ

ಪೇಪರಿನಲ್ಲಿ 'ಕಾಣೆಯಾಗಿದ್ದಾರೆ' ಅಂತ ಪ್ರಕಟಣೆ ಕೊಡಬೇಕಾದರೆ ಎತ್ತರ, ಮೈಬಣ್ಣ, ತೊಟ್ಟ ಬಟ್ಟೆ ಎಲ್ಲ ಬರೆಯಬೇಕು. ಜಿನೀವಾ ಪಕ್ಕದ ಕಣವಿಜ್ಞಾನದ ಪ್ರಯೋಗಾಲಯ ಸರ್ನ್‌ನಲ್ಲಿ ಹುಡುಕುತ್ತಿರುವ ಗ್ಲುಯಿನೋ ಅನ್ನೋ ಕಣದ ವಿಷಯದಲ್ಲಿ ತೂಕವೇ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕಿಂತ, ಕೇಳಿದಾಗೆಲ್ಲ ಜಾಸ್ತಿಯಾಗುತ್ತಿದೆ. ಕಾಣೆಯಾಗೋಕೆ ಮೊದಲು ಅದನ್ನು ಯಾರಾದರೂ ಕಂಡಿದ್ದರಾ? ಅದನ್ನೆಲ್ಲ ಕೇಳಬಾರದು.

ಸಂಗತಿ ಇಷ್ಟು. ಕಣಗಳ ಲೋಕಕ್ಕೆ ಸ್ಟ್ಯಾಂಡರ್ಡ್ ಮಾಡೆಲ್ ಅಂತ ಒಂದು ಲೆಕ್ಕವಿದೆ. ಚೆನ್ನಾಗಿಯೇ ನಡೆಯುತ್ತದೆ. ಆದರೆ ಉಳಿದ ಕಣಗಳಿಗೆ ತೂಕ ಕೊಡುವ ವ್ಯವಸ್ಥೆಗೆ ಸೇರಿದ ಹಿಗ್ಸ್ ಕಣ ಯಾಕೆ ಇಷ್ಟು ಹಗುರ ಅಂದರೆ ಅದು ತಲೆ ಕೆರೆದುಕೊಳ್ಳುತ್ತದೆ. ಅದಕ್ಕೇ ಸೂಪರ್‌ಸಿಮೆಟ್ರಿ ಅನ್ನೋ ಸಿದ್ಧಾಂತವನ್ನು ಕರೆತಂದರು. ಪ್ರತಿ ಕಣಕ್ಕೂ ಒಂದು ಜೋಡಿ. ಎಲೆಕ್ಟ್ರಾನಿಗೆ ಸೆಲೆಕ್ಟ್ರಾನ್, ಪ್ರೋಟಾನಿನೊಳಗಿನ ಕ್ವಾರ್ಕಿಗೆ ಸ್ಕ್ವಾರ್ಕ್, ಕ್ವಾರ್ಕುಗಳನ್ನು ಅಂಟಿಸಿಡುವ ಗ್ಲುವಾನಿಗೆ ಗ್ಲುಯಿನೋ. ನಾಮಕರಣಕ್ಕೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡ ಹಾಗಿಲ್ಲ. ಒಂದು ಕಣ ಹಿಗ್ಸ್ ತೂಕಕ್ಕೆ ಸೇರಿಸಿದ್ದನ್ನು ಅದರ ಜೋಡಿ ಕಳೆಯುತ್ತದೆ. ಲೆಕ್ಕ ಸೊಗಸಾಗಿದೆ, ಎರಡು ಮಾತಿಲ್ಲ. ಷರತ್ತು ಒಂದೇ: ಜೋಡಿಗಳು ತೀರಾ ಭಾರ ಇರಬಾರದು.

1989ರಿಂದ 2000ದವರೆಗೆ ಸರ್ನ್‌ನಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಇಪಿ ಯಂತ್ರದಲ್ಲಿ ಹುಡುಕಿದರು. ಇಲ್ಲ. ಅದೇ 27 ಕಿಲೋಮೀಟರ್ ಸುರಂಗದಲ್ಲಿ ಇನ್ನೂ ಬಲವಾದ ಎಲ್‌ಎಚ್‌ಸಿ ಯಂತ್ರ ಬಂತು. ಹಿಗ್ಸ್‌ಗಿಂತ ಮೊದಲು ಈ ಜೋಡಿಗಳೇ ಸಿಕ್ಕಿಬಿಡುತ್ತವೆ ಅಂತ ಆಸೆಪಟ್ಟವರೂ ಇದ್ದರು. ಸಿಗಲಿಲ್ಲ.

ಎಲ್‌ಎಚ್‌ಸಿಯಲ್ಲಿ ಪ್ರಯೋಗ ನಡೆಸುವ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಪ್ರಕಟಿಸುವ ಒಂದು ನಕ್ಷೆ ನೋಡಲೇಬೇಕು. ಅಡ್ಡಕ್ಕೆ ಗ್ಲುಯಿನೋ ತೂಕ, ನಡುವೆ ಬಾಗಿದ ಒಂದು ಗೆರೆ. ಗೆರೆಯ ಎಡಕ್ಕೆ 'ಇಲ್ಲಿಲ್ಲ'. ಹೊಸ ಡೇಟಾ ಬಂದಾಗೆಲ್ಲ ಗೆರೆ ಬಲಕ್ಕೆ ಸರಿಯುತ್ತದೆ. ಸರಳ ಮಾದರಿಗಳಲ್ಲಿ ಈಗ 2 ಟಿಇವಿ ದಾಟಿದೆ, ಅಂದರೆ ಪ್ರೋಟಾನಿನ 2,000 ಪಟ್ಟಿಗಿಂತ ಜಾಸ್ತಿ. ಗೆರೆ ಸರಿದಾಗೆಲ್ಲ ಯಾರಾದರೂ ಒಂದು ಪ್ರಬಂಧ ಬರೆಯುತ್ತಾರೆ. ಗ್ಲುಯಿನೋ ಗೆರೆಯ ಬಲಕ್ಕೇ ಇದೆಯಂತೆ, ಇನ್ನೇನು ಕೈಗೆ ಸಿಕ್ಕೇಬಿಟ್ಟಿತಂತೆ.

ಹುಡುಕುವ ರೀತಿ ಇನ್ನೂ ಮಜವಾಗಿದೆ. ಗ್ಲುಯಿನೋ ಒಡೆದು ಕೊನೆಗೆ ಉಳಿಯುವ ನ್ಯೂಟ್ರಲಿನೋ ಅನ್ನೋ ಇನ್ನೊಂದು ಜೋಡಿ ಕಣ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಹೊರಗೆ ಚಿಮ್ಮಿದ್ದನ್ನೆಲ್ಲ ಕೂಡಿಸಿ, ಎಷ್ಟು ಕೊರತೆ ಬಿತ್ತು ಅಂತ ನೋಡಬೇಕು. ಕೊರತೆ ಬಿದ್ದರೆ ಸಿಹಿ ಹಂಚುತ್ತಾರೆ. ಪಾಪ, ಯಂತ್ರಕ್ಕೆ ಸಿಗದೆ ಜಾರಿಹೋಗುವ ಮಾಮೂಲಿ ನ್ಯೂಟ್ರಿನೋ ಕಣಗಳು ಕದ್ದೊಯ್ದಿದ್ದು ಬಿಟ್ಟರೆ ಬೇರೆ ಕೊರತೆಯೂ ಬೀಳುತ್ತಿಲ್ಲ. (ಕೂಡಿಸಿ ಕಳೆಯುವವರನ್ನು ನಾನು ಆಡಿಕೊಳ್ಳುತ್ತಿಲ್ಲ. ಇಲ್ಲದ್ದನ್ನು ಇಲ್ಲ ಅಂತ ನಿಖರವಾಗಿ ಹೇಳುವುದು ಸುಲಭವೇನಲ್ಲ.)

2012ರಲ್ಲಿ ಹಿಗ್ಸ್ ಸಿಕ್ಕಿತು, ತೂಕ 125 ಜಿಇವಿ (ಸಾವಿರ ಜಿಇವಿ ಸೇರಿದರೆ ಒಂದು ಟಿಇವಿ). ಸೂಪರ್‌ಸಿಮೆಟ್ರಿಯ ಸರಳ ರೂಪ 'ಸುಮಾರು 135 ದಾಟದು' ಅಂದಿತ್ತು. ನೋಡಿ, ಗೆದ್ದೆವು! ಆದರೆ 125 ಬರಬೇಕಾದರೆ ಟಾಪ್ ಕ್ವಾರ್ಕಿನ ಜೋಡಿ ಭಾರ ಇರಬೇಕು. ಭಾರ ಇದ್ದರೆ ಮೊದಲಿನ ಷರತ್ತೇ ಕೆಟ್ಟಿತು. ಕೆಟ್ಟರೂ ತೊಂದರೆಯಿಲ್ಲ, ಈ ಸರಳ ರೂಪದಲ್ಲಿ ಬೇಕಾದಂತೆ ತಿರುಗಿಸಿಕೊಳ್ಳಲು ನೂರಕ್ಕೂ ಹೆಚ್ಚು ತಿರುಪುಗಳಿವೆ. ಸರಳ ಅಂದೆನಲ್ಲ, ಹೌದು, ಅದೇ ಸರಳ. ಇನ್ನು 2004ರಲ್ಲೇ ಬಂದ 'ಸ್ಪ್ಲಿಟ್' ರೂಪವಂತೂ ಹಿಗ್ಸ್ ತೂಕದ ಚಿಂತೆಯನ್ನೇ ಕೈಬಿಟ್ಟಿತು. ಕರೆಸಿದ್ದೇ ಆ ಕೆಲಸಕ್ಕೆ ಅಲ್ವಾ?

ಮರ್ಯಾದೆಯಾಗಿ ಸೋಲೊಪ್ಪಿಕೊಂಡವರೂ ಇದ್ದಾರೆ. ಜೋಡಿ ಸಿಗುತ್ತದೋ ಇಲ್ಲವೋ ಅಂತ 2000ದಲ್ಲಿ ಕೋಪನ್‌ಹೇಗನ್ನಿನಲ್ಲಿ ಭೌತವಿಜ್ಞಾನಿಗಳು ಬಾಜಿ ಕಟ್ಟಿದ್ದರು. ಪಣ ಒಂದು ಬಾಟಲಿ ಒಳ್ಳೆಯ ಕೊನ್ಯಾಕ್ ಬ್ರಾಂದಿ. ಯಂತ್ರ ತಡವಾಯಿತು ಅಂತ ಗಡುವು ಮುಂದೆ ಹೋಯಿತು. 2016ರಲ್ಲಿ ಬಾಟಲಿ ಕೊಡಲೇಬೇಕಾಯಿತು. ಸೋತವರಲ್ಲಿ ನೊಬೆಲ್ ಪಡೆದ ಡೇವಿಡ್ ಗ್ರಾಸ್ ಕೂಡ ಇದ್ದರು.

ಈಗ 91 ಕಿಲೋಮೀಟರ್ ಸುತ್ತಳತೆಯ ಹೊಸ ಸುರಂಗದ ಮಾತು ನಡೆದಿದೆ. ಮೊದಲ ಯಂತ್ರ 2040ರ ದಶಕಕ್ಕೆ, ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ದೊಡ್ಡದು 2070ರ ಹೊತ್ತಿಗೆ. ಮತ್ತೆ ಬಾಜಿ ಕಟ್ಟುವವರಿದ್ದರೆ, ಕಾಗದಕ್ಕೆ ಮೊಮ್ಮಕ್ಕಳ ಸಹಿಯನ್ನೂ ಹಾಕಿಸಿಕೊಳ್ಳಲಿ.