ಎಷ್ಟು ಡಿಗ್ರಿ ಅಂತ ಕೇಳಬೇಡಿ

ಬದಿಯಡ್ಕ ಪೇಟೆಯಿಂದ ಮೊಮ್ಮಗಳಿಗೆ ತಂದ ಹೊಸ ಕಂಪಾಸು ಪೆಟ್ಟಿಗೆಯ ಕೈವಾರ ಸಡಿಲ. ಕಂಸ ಎಳೆಯಲು ಹೊರಟರೆ ಅರ್ಧ ದಾರಿಯಲ್ಲೇ ಕಾಲು ಅಗಲಿಸಿ ಕೂರುತ್ತದೆ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡನ ಕೈವಾರವೂ ಹಾಳೆಯಿಂದ ಎತ್ತಿದರೆ ಮಡಚಿಕೊಳ್ಳುವಂಥದ್ದೇ ಅನ್ನುತ್ತಾರೆ. ಆದರೆ ಅವನು ಅದನ್ನು ದುಡ್ಡು ಕೊಟ್ಟು ತಂದದ್ದಲ್ಲವಲ್ಲ.

ಕೊಟ್ಟ ಕೋನಕ್ಕೆ ಸಮನಾದ ಕೋನ ರಚಿಸಬೇಕು. "ಅಜ್ಜಾ, ಇದು ಎಷ್ಟು ಡಿಗ್ರಿ?" ಅಂತ ಅವಳು ಕೋನಮಾಪಕಕ್ಕೆ ಕೈ ಹಾಕಿದಳು. ಡಿಗ್ರಿ ಬೇಡ ಮಾರಾಯ್ತಿ, ಕಂಸಗಳು ಸಾಕು, ಮೂರೂ ಬಾಹುಗಳು ಸಮನಾದರೆ ತ್ರಿಭುಜಗಳ ಕೋನಗಳೂ ಸಮ ಅನ್ನುವ ಬಾ-ಬಾ-ಬಾ ನಿಯಮ ಉಳಿದದ್ದನ್ನು ನೋಡಿಕೊಳ್ಳುತ್ತದೆ ಅಂದೆ. ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಮೊದಲ ಪುಸ್ತಕದ 23ನೇ ಪ್ರಮೇಯದಲ್ಲಿ ಇದನ್ನೇ ಮಾಡುವಾಗ ಡಿಗ್ರಿಯ ಸುದ್ದಿಯನ್ನೇ ಎತ್ತುವುದಿಲ್ಲ. ಅವಳು ನಂಬಲಿಲ್ಲ. ಈಗಿನವರಿಗೆ ಸಂಖ್ಯೆ ಕಾಣದಿದ್ದರೆ ಜ್ವರವೂ ಜ್ವರವಲ್ಲ.

ನಮ್ಮ ಮನೆಗೆ ಇಳಿಮಾಡು ಕಟ್ಟಿದ ಆಚಾರಿಯನ್ನು ಅವಳು ನೋಡಬೇಕಿತ್ತು. ಹಳೆ ಮಾಡಿನ ಇಳಿಜಾರೇ ಹೊಸದಕ್ಕೂ ಬರಬೇಕು, ಇಲ್ಲವಾದರೆ ಆಟಿಯ ಮಳೆ ಹಂಚಿನ ಸಂದಿಯಿಂದ ಒಳಗೇ ಬರುತ್ತದೆ. ಆಚಾರಿ ಬಿದಿರಿನ ಎರಡು ಸೀಳುಗಳ ತುದಿಗೆ ಒಂದು ಮೊಳೆ ಹೊಡೆದ. ಏಣಿ ಹತ್ತಿ ಒಂದನ್ನು ಕಂಬಕ್ಕೂ ಇನ್ನೊಂದನ್ನು ಮಾಡಿನ ಇಳಿಜಾರು ಮರವಾದ ಪಕ್ಕಾಸಿಗೂ ಒತ್ತಿ ಹಿಡಿದ, ಹಾಗೇ ಅಮುಕಿ ಹಿಡಿದುಕೊಂಡು ಇಳಿದ. ಇಳಿದವನು ನೇರ ಕೆಲಸಕ್ಕೆ ಹೋದನೇ? ಇಲ್ಲ. ಅಂಗಳದ ನಡುವೆ ನಿಂತು, ನಮ್ಮ ಹಳೆ ಮಾಡು ಕಟ್ಟಿದವನಿಗೆ ಮರದ ಗಂಧವೇ ಗೊತ್ತಿರಲಿಲ್ಲವೆಂದು ಸಾವಕಾಶವಾಗಿ ವಿವರಿಸತೊಡಗಿದ. ಅಷ್ಟರಲ್ಲಿ ಚಾ ಬಂತು. ಎರಡು ಕೈಯಲ್ಲೂ ಕೋನ! ಕೆಳಗಿಡಪ್ಪಾ ಅಂದರೆ, "ಇಟ್ಟರೆ ಕದಲುತ್ತದೆ ಅಣ್ಣೇರೇ." ಇನ್ನೊಂದು ಪಟ್ಟಿ ಅಡ್ಡ ಹೊಡೆಯಬಾರದೇ ಅಂದರೆ, "ಸೀಳು ಒಡೆಯುತ್ತದೆ." ಕೊನೆಗೆ ಲೋಟ ನಾನು ಹಿಡಿದೆ, ಅವನು ಕುಡಿದ. ಸಕ್ಕರೆ ಕಡಿಮೆಯಾಯಿತು ಅಂತಲೂ ಹೇಳಿದ. ಬಿಸಿಲಲ್ಲಿ ಅವನ ಬಾಯಿಗೆ ಲೋಟ ಹಿಡಿದು ನಿಂತಿದ್ದ ನನಗೆ ರೇಖಾಗಣಿತದ ಮೇಲೆ ಗೌರವವೇನೂ ಹುಟ್ಟಲಿಲ್ಲ.

ಆ ಹೊತ್ತಿಗೇ ಬರಬೇಕೇ ನನ್ನ ಅಳಿಯ, ಎಂಜಿನಿಯರು! ಮೊಬೈಲನ್ನು ಪಕ್ಕಾಸಿಗೆ ತಾಗಿಸಿ 28 ಅಂದ, ಪಕ್ಕದ್ದಕ್ಕೆ ತಾಗಿಸಿ 30 ಅಂದ, ಸರಾಸರಿ ತೆಗೆಯೋಣವೇ ಅಂತಲೂ ಕೇಳಿದ. ಆಚಾರಿ ಅವನ ಮುಖ ನೋಡಲಿಲ್ಲ. "ಸರಾಸರಿಗೆ ಹಂಚು ಕೂರುವುದಿಲ್ಲ ಅಣ್ಣೇರೇ" ಅಂತ ನನಗೇ ಹೇಳಿ, ಕೈಯಲ್ಲಿದ್ದ ಕೋನವನ್ನು ಹೊಸ ಪಕ್ಕಾಸಿನ ಮೇಲಿಟ್ಟು ಗೆರೆ ಎಳೆದು ಗರಗಸ ಹಿಡಿದ. ಆ ಮೂಲೆ ಇವತ್ತಿಗೂ ಸೋರಿಲ್ಲ. ಅಳಿಯನ ಸ್ವಂತ ಮನೆಯ ತಾರಸಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಮಗಳು ಇದನ್ನು ಓದುತ್ತಾಳೆ.

ಹಾಗೆಂದು ಕೈವಾರಕ್ಕೂ ಗುರುತಿಲ್ಲದ ಪಟ್ಟಿಗೂ ಎಲ್ಲ ಸಾಧ್ಯವೆಂದಲ್ಲ. ಯಾವ ಕೋನವನ್ನಾದರೂ ಎರಡು ಸಮಪಾಲು ಮಾಡಬಹುದು. ಮೂರು ಪಾಲು ಮಾತ್ರ ಎಲ್ಲ ಕೋನಕ್ಕೂ ಆಗದು. 60 ಡಿಗ್ರಿಯ ಸಾಧು ಕೋನವೇ ಒಪ್ಪುವುದಿಲ್ಲ. ಇದನ್ನು 1837ರಲ್ಲಿ ಫ್ರಾನ್ಸಿನ ಪಿಯರ್ ವಾಂಟ್ಸೆಲ್ ಸಾಧಿಸಿ ತೋರಿಸಿದ. ಅಷ್ಟು ಕಷ್ಟಪಡಬೇಕಿರಲಿಲ್ಲ, ಮೂವರು ಅಣ್ಣತಮ್ಮಂದಿರ ಅಡಿಕೆ ತೋಟ ಪಾಲಾಗುವುದನ್ನು ನೋಡಿದ ನಮ್ಮೂರಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾವೂ ಮೂವರೇ. ಬಾವಿ ಯಾರ ಪಾಲಿಗೆಂಬುದು ಇನ್ನೂ ತೀರ್ಮಾನವಾಗಿಲ್ಲ. ಪಂಪಿನ ಕರೆಂಟು ಬಿಲ್ಲು ಮಾತ್ರ ನನ್ನ ಹೆಸರಿಗೇ ಬರುತ್ತಿದೆ.